ಅರ್ಕಾವತ್ತು ಜಾರಿದ ಪುಟ

ಪರದೆಯ ಮೇಲೆ ಓದಲೆಂದು ಕಾಸು ಕೊಟ್ಟು ಕೊಂಡ ಮೊದಲ ಕನ್ನಡ ಕಾದಂಬರಿಯ ಮೂರನೆಯ ಸಾಲಿನಲ್ಲೇ ‘ಕನಾರ್ಟಕ’ ಎಂದಿತ್ತು. ನಾಲ್ಕು ಸಾಲು ಕೆಳಗೆ ಬಂದರೆ ‘ಸೂಯರ್’ ಮುಳುಗುತ್ತಿದ್ದ. ಪುಟ ಮಗುಚಿದೆ, ಅಲ್ಲಿ ನಾಯಕನ ತಂದೆ ‘ಧಮರ್ದ’ ಬಗ್ಗೆ ಮಾತು ಶುರುಮಾಡಿದ್ದರು. ಮೂವತ್ತು ಪುಟ ದಾಟುವಷ್ಟರಲ್ಲಿ ನನ್ನ ಕಣ್ಣು ತಾನಾಗಿಯೇ ತಿದ್ದಿಕೊಂಡು ಓದುವುದನ್ನು ಕಲಿತಿತ್ತು. ಕಾಗುಣಿತ ಕೆಟ್ಟ ಮದುವೆ ಕರೆಯೋಲೆಯನ್ನು ನಾವೆಲ್ಲ ಓದುವುದಿಲ್ಲವೇ, ಹಾಗೆ.

ಪ್ರಕಾಶಕರ ಹೆಸರು ಬೇಡ. ಅವರೊಬ್ಬರ ತಪ್ಪೂ ಅಲ್ಲ. ಡಿಟಿಪಿ ಮಾಡಿದವರಿಗೆ ಇದರ ಮರ್ಮ ಗೊತ್ತು. ನಾವು ಎಷ್ಟೋ ವರ್ಷ ಪೇಜ್‌ಮೇಕರಿನಲ್ಲಿ ಪುಸ್ತಕ ಕಟ್ಟಿದ್ದು ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ. ಅವು ಮೇಲ್ನೋಟಕ್ಕೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರಗಳ ಸಂಕೇತ. ಕಾಗದದ ಮೇಲೆ ಕನ್ನಡ ಕಂಡರೆ ಕೆಲಸ ಮುಗಿಯಿತು, ಒಳಗೇನಿದೆ ಎಂದು ಯಾರು ಕೇಳಬೇಕು? ಅಲ್ಲಿ ಅರ್ಕಾವತ್ತು ಕಣ್ಣಿಗೆ ಎಲ್ಲಿ ಕಾಣುತ್ತದೋ ಅಲ್ಲೇ, ಅಂದರೆ ಅಕ್ಷರದ ಬಲಕ್ಕೆ, ಹೋಗಿ ಕೂರುತ್ತದೆ. ಯೂನಿಕೋಡ್ ಹಾಗಲ್ಲ, ಅದಕ್ಕೆ ಬಾಯಿ ಹೇಳುವ ಕ್ರಮ ಬೇಕು. ‘ಧರ್ಮ’ದಲ್ಲಿ ರಕಾರ ಮೊದಲು, ಆಮೇಲೆ ಮಕಾರ. ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವಾಗ ತಂತ್ರಾಂಶವು ಆ ಬಾಲವನ್ನು ಹಿಡಿದು ಒಂದು ಮನೆ ಹಿಂದಕ್ಕೆ ತರಬೇಕು. ತರದಿದ್ದರೆ ‘ಧರ್ಮ’ ‘ಧಮರ್’ ಆಗುತ್ತದೆ, ‘ವರ್ಷ’ ‘ವಷರ್’ ಆಗುತ್ತದೆ. ಕರಡು ತಿದ್ದುವವರು ಮತ್ತೊಮ್ಮೆ ಕೂತು ನೋಡಬೇಕು. ಅಚ್ಚಿನ ಪುಸ್ತಕಕ್ಕೇ ಕರಡು ನೋಡಲು ದುಡ್ಡು ಹುಟ್ಟದ ಕಡೆ ಇ-ಪುಸ್ತಕಕ್ಕೆ ಯಾರು ನೋಡುತ್ತಾರೆ?

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ವರ್ಷಕ್ಕೆ ನಾಲ್ಕೈದು ಮಂದಿಯಾದರೂ ನನ್ನನ್ನು ಕೇಳುತ್ತಾರೆ: “ಪುಸ್ತಕ ಕೊಳ್ಳೋದು ಬಿಟ್ಟು ಕಿಂಡಲ್ ತಗೊಂಡುಬಿಡಲಾ?” ಮನೆಯಲ್ಲಿ ಜಾಗವಿಲ್ಲ, ಮಕ್ಕಳು ಬೈತಾರೆ, ಧೂಳಿಗೆ ಸೀನು ಬರುತ್ತೆ, ಹೀಗೆ ಕಾರಣಗಳು ನೂರು. ಕಾಗದ ಮೇಲೋ ಪರದೆ ಮೇಲೋ ಎಂಬ ಚರ್ಚೆಗೆ ನಾನೀಗ ಇಳಿಯುವುದೇ ಇಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: “ನೀವು ಯಾವ ಭಾಷೆಯಲ್ಲಿ ಓದ್ತೀರಿ?”

ನನ್ನ ಕೈಗೆ ಕಿಂಡಲ್ ಬಂದದ್ದು 2014ರಲ್ಲಿ. ಬೆಂಗಳೂರಿನ ಬಾಡಿಗೆ ಮನೆ, ಎರಡನೇ ಮಹಡಿ, ಎರಡು ಕೋಣೆ. ಅಡುಗೆಮನೆಯ ಸಜ್ಜದ ಮೇಲೆ ಹಿತ್ತಾಳೆ ಪಾತ್ರೆಗಳಿರಬೇಕಾದ ಜಾಗದಲ್ಲಿ ಕಾರಂತರ ಕಾದಂಬರಿಗಳಿದ್ದವು. ಒಂದು ಪುಸ್ತಕ ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು ಎಂಬ ಕಾಯ್ದೆ ಮನೆಯಲ್ಲಿ ಜಾರಿಯಾಗಿ ಆಗಲೇ ಆರು ತಿಂಗಳಾಗಿತ್ತು. ಅದನ್ನು ಮುರಿಯುತ್ತಿದ್ದವನು ನಾನೊಬ್ಬನೇ. ಅಮೆಜಾನ್ ಭಾರತಕ್ಕೆಂದೇ ಕಿಂಡಲ್ ಅಂಗಡಿ ತೆರೆದು, 2012ರ ಆಗಸ್ಟಿನಿಂದ ರೂಪಾಯಿಯಲ್ಲೇ ಪುಸ್ತಕ ಕೊಳ್ಳುವ ಹಾಗಾಗಿತ್ತು. ಮೊದಲ ಕಿಂಡಲ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2007ರ ನವೆಂಬರಿನಲ್ಲಿ, ಬೆಲೆ 399 ಡಾಲರ್. ಇದ್ದ ಸರಕೆಲ್ಲ ಐದೂವರೆ ಗಂಟೆಯಲ್ಲಿ ಖಾಲಿಯಾಗಿತ್ತಂತೆ. ನಾನು ಏಳು ವರ್ಷ ತಡಮಾಡಿ ಸಾಲಿಗೆ ನಿಂತವನು.

ಮೊದಲ ದಿನ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ್ದು ನೆನಪಿದೆ. ಫೋನಾಗಿದ್ದರೆ ಮುಖ ಕಾಣುವ ಕನ್ನಡಿಯಾಗುತ್ತಿತ್ತು. ಇದರಲ್ಲಿ ಬಿಸಿಲು ಹೆಚ್ಚಿದಷ್ಟೂ ಅಕ್ಷರ ನಿಚ್ಚಳ. ಇ-ಇಂಕ್ ಎಂಬ ಆ ಪರದೆಯ ಒಳಗೆ ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳ್ಳೆಗಳಿರುತ್ತವೆ. ಒಂದೊಂದು ಗುಳ್ಳೆಯಲ್ಲೂ ತಿಳಿದ್ರವ, ಅದರಲ್ಲಿ ತೇಲುವ ಬಿಳಿ ಪುಡಿ, ಕರಿ ಪುಡಿ. ಎರಡರ ವಿದ್ಯುದಂಶವೂ ಬೇರೆ. ಕೆಳಗಿನಿಂದ ವಿದ್ಯುತ್ತು ಕರೆದ ಹಾಗೆ ಒಂದು ಮೇಲೇಳುತ್ತದೆ, ಇನ್ನೊಂದು ಮುಳುಗುತ್ತದೆ. ಮೇಲೆ ಬಂದ ಕರಿ ಪುಡಿಯೇ ಅಕ್ಷರ. ಒಮ್ಮೆ ಕೂತ ಪುಡಿ ವಿದ್ಯುತ್ತು ಹೋದರೂ ಕೂತೇ ಇರುತ್ತದೆ, ಬ್ಯಾಟರಿ ಖರ್ಚಾಗುವುದು ಮುಖ್ಯವಾಗಿ ಪುಟ ಮಗುಚುವಾಗ. ವಾರಗಟ್ಟಲೆ ಚಾರ್ಜು ಬೇಡ ಎನ್ನುವುದರ ಗುಟ್ಟು ಇಷ್ಟೇ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಯೋಚನೆಯಿಂದ 1997ರಲ್ಲಿ ಕಂಪನಿ ಎದ್ದಿತು. 2004ರಲ್ಲಿ ಜಪಾನಿನಲ್ಲಿ ಸೋನಿಯ ‘ಲಿಬ್ರಿಯೆ’ ಇದೇ ಪರದೆ ಹೊತ್ತು ಅಂಗಡಿಗೆ ಬಂತು. ಕಿಂಡಲ್ ಬಂದದ್ದು ಅದಾದ ಮೂರು ವರ್ಷಕ್ಕೆ. ಹೆಸರು ಉಳಿದದ್ದು ಯಾರದ್ದು ಎಂದು ಹೇಳಬೇಕಾಗಿಲ್ಲ.

ಮೊದಲ ವರ್ಷ ಪ್ರೇಮ ವಿವಾಹದ ಮೊದಲ ವರ್ಷದಂತೆ ಕಳೆಯಿತು. ಮಲಗಿ ಒಂದೇ ಕೈಯಲ್ಲಿ ಹಿಡಿದು ಓದಬಹುದು. ‘ಮಲೆಗಳಲ್ಲಿ ಮದುಮಗಳು’ ಹಾಗೆ ಓದಲು ಹೋಗಿ ಮೂಗಿನ ಮೇಲೆ ಬೀಳಿಸಿಕೊಂಡವರು ನನಗೆ ಗೊತ್ತು. ಅರ್ಥವಾಗದ ಪದದ ಮೇಲೆ ಬೆರಳಿಟ್ಟರೆ ನಿಘಂಟು ಏಳುತ್ತದೆ. ಪುಸ್ತಕ ಕೊಂಡ ಅರ್ಧ ನಿಮಿಷಕ್ಕೆ ಓದು ಶುರು. ಆ ವರ್ಷ ನಾನು ಓದಿದಷ್ಟು ಅದಕ್ಕೂ ಹಿಂದಿನ ಮೂರು ವರ್ಷ ಓದಿರಲಿಲ್ಲ. ಡಿಸೆಂಬರಿನಲ್ಲಿ ಸುಮ್ಮನೆ ಪಟ್ಟಿ ನೋಡಿದೆ. ಮೂವತ್ತೊಂದು ಪುಸ್ತಕ. ಒಂದೂ ಕನ್ನಡದ್ದಲ್ಲ.

ಇದು ಹೇಗಾಯಿತೆಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರಲ್ಲಿ ಕೊಳ್ಳಲು ಕನ್ನಡ ಪುಸ್ತಕ ಇರಲೇ ಇಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ತರುತ್ತಿದ್ದೇವೆ ಎಂದು ಸಾರಿತು. ಪಟ್ಟಿ ಓದಿದೆ: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಮತ್ತೊಮ್ಮೆ ಓದಿದೆ, ಊಟಕ್ಕೆ ಕೂತವರ ಸಾಲಿನಲ್ಲಿ ನಮ್ಮ ಎಲೆಯನ್ನೇ ಮರೆತ ಹಾಗಿತ್ತು. ತೆಲುಗು, ಬಂಗಾಳಿಗಳೂ ಆ ಪಟ್ಟಿಯಲ್ಲಿರಲಿಲ್ಲ ಎನ್ನುವುದು ಸಮಾಧಾನದ ಮಾತೇನಲ್ಲ. ಬೆಂಗಳೂರಿನಲ್ಲೇ ಆ ಕಂಪನಿಯ ದೊಡ್ಡ ದೊಡ್ಡ ಕಚೇರಿಗಳಿವೆ, ಅದರೊಳಗೆ ಕೂತು ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ. ಹಾಗಂತ ಕೂಗಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅಂಗಡಿಯವನು ಹೋಗುವ ಸರಕನ್ನು ಇಡುತ್ತಾನೆ. ಪ್ರಶ್ನೆ ಇರುವುದು ನಮ್ಮ ಸರಕು ಅವನ ಗಾಜಿನ ಕಪಾಟಿಗೆ ಹೋಗುವ ಸ್ಥಿತಿಯಲ್ಲಿತ್ತೇ ಎಂಬಲ್ಲಿ. ಅರ್ಧಕ್ಕರ್ಧ ‘ಕನಾರ್ಟಕ’ವಾಗಿತ್ತಲ್ಲ!

ಕನ್ನಡಕ್ಕೆ ಬೇರೆ ಬಾಗಿಲುಗಳು ತೆರೆದವು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಸಿಗುತ್ತದೆ. 2020ರಲ್ಲಿ ಬಂದ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕದ ಜತೆ ಕೇಳುವ ಪುಸ್ತಕಗಳೂ ಇವೆ. ರಾಜ್ಯದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಶುರುವಾದದ್ದೂ ಅದೇ ವರ್ಷ. ಸರ್ಕಾರವೂ ಸ್ವಲ್ಪ ಕರಗಿತು. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ರೂಪಕ್ಕೆ ಶೇಕಡಾ 18 ಹಾಕಿದ್ದರು. 2018ರ ಜುಲೈಯಲ್ಲಿ, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಕ್ಕೆ ಅದನ್ನು 5ಕ್ಕೆ ಇಳಿಸಿದರು. ಸೊನ್ನೆ ಯಾಕಲ್ಲ ಎಂದು ಯಾರೂ ಕೇಳಲಿಲ್ಲ.

ಆದರೆ ಈ ಬಾಗಿಲುಗಳೆಲ್ಲ ತೆರೆದದ್ದು ಎಲ್ಲಿ? ಫೋನಿನಲ್ಲಿ. ಇದರ ಪರಿಣಾಮವನ್ನು ನನ್ನ ಮನೆಯಲ್ಲೇ ಕಂಡೆ. ಇಂಗ್ಲಿಷಿಗೆ ಕಣ್ಣು ನೋಯದ, ಗದ್ದಲವಿಲ್ಲದ, ಬೇರೇನೂ ಬಾರದ ಪ್ರತ್ಯೇಕ ಕೋಣೆ ಸಿಕ್ಕಿತು. ಕನ್ನಡಕ್ಕೆ ಸಿಕ್ಕಿದ್ದು ಸಂತೆಯೊಳಗಿನ ಒಂದು ಮೂಲೆ. ನಾಲ್ಕನೇ ಪುಟಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕುಟುಂಬದ ಗುಂಪು ‘ಶುಭರಾತ್ರಿ’ ಎನ್ನುತ್ತದೆ, ಐದನೇ ಪುಟಕ್ಕೆ ಬ್ಯಾಂಕಿನವರು ಸಾಲ ಬೇಕೇ ಎನ್ನುತ್ತಾರೆ. ಅಂಥ ಕಡೆ ಕೂತು ಯಾರು ಭೈರಪ್ಪನವರ ‘ಪರ್ವ’ ಓದುತ್ತಾರೆ? ಓದಿದವರಿದ್ದರೆ ನಮಸ್ಕಾರ.

ತೀರ್ಥಹಳ್ಳಿ ಕಡೆ ನನ್ನ ಸೋದರಮಾವನ ಮನೆ. ವರ್ಷಕ್ಕೆ ಎಂಟು ಹತ್ತು ಸಲ ರಾತ್ರಿ ಬಸ್ಸು ಹಿಡಿಯುತ್ತೇನೆ. ಚೀಲದಲ್ಲಿ ಎರಡೂ ಇರುತ್ತವೆ, ಒಂದು ಕನ್ನಡ ಪುಸ್ತಕ, ಒಂದು ಕಿಂಡಲ್. ನೆಲಮಂಗಲ ದಾಟುವವರೆಗೆ ಪುಸ್ತಕ ಓದುತ್ತೇನೆ. ಆಮೇಲೆ ಕಂಡಕ್ಟರು ದೀಪ ಆರಿಸುತ್ತಾರೆ, ತಲೆಯ ಮೇಲಿನ ಪುಟ್ಟ ದೀಪ ಹತ್ತು ಬಸ್ಸಿನಲ್ಲಿ ಎರಡರಲ್ಲಿ ಉರಿದರೆ ಹೆಚ್ಚು. ಪುಸ್ತಕ ಮುಚ್ಚಿ ಕಿಂಡಲ್ ತೆಗೆಯುತ್ತೇನೆ. ಅದಕ್ಕೆ ತನ್ನದೇ ಬೆಳಕು. ತುಮಕೂರಿನಿಂದ ತರೀಕೆರೆವರೆಗೆ ಇಂಗ್ಲಿಷಿನಲ್ಲಿ ಹೋಗುತ್ತೇನೆ. ಹೀಗೆ ನೋಡಿದರೆ ನನ್ನ ಓದಿನ ರಾತ್ರಿಗಳೆಲ್ಲ ಒಂದು ಭಾಷೆಗೆ, ಹಗಲುಗಳು ಇನ್ನೊಂದಕ್ಕೆ ಹಂಚಿಹೋಗಿವೆ. ನೌಕರಿಯಲ್ಲಿರುವವನಿಗೆ ಓದಲು ಸಿಗುವ ಹಗಲು ಎಷ್ಟು? ನಾನು ಕನ್ನಡ ಬಿಟ್ಟೆ ಎಂದು ಯಾವತ್ತೂ ತೀರ್ಮಾನ ಮಾಡಿದವನಲ್ಲ. ದೀಪ ಆರಿತು, ಅಷ್ಟೇ.

ಹಾಗಾದರೆ ಯಂತ್ರದಿಂದ ಕನ್ನಡ ಓದುಗನಿಗೆ ಏನೂ ಇಲ್ಲವೇ ಎಂದರೆ, ಹಾಗಲ್ಲ. ಇದೆ, ಆದರೆ ಜಾಹೀರಾತಿನಲ್ಲಿ ತೋರಿಸುವ ಕಡೆ ಇಲ್ಲ.

ಯಾವುದಾದರೂ ಕನ್ನಡ ಪುಸ್ತಕ ತೆಗೆದು ಶೀರ್ಷಿಕೆ ಪುಟದ ಹಿಂಬದಿ ನೋಡಿ. ಹೆಚ್ಚಿನ ಭಾಷೆಗಳವರು ಹೇಳಿಕೊಳ್ಳದ ಸಂಸಾರದ ಸಂಗತಿಗಳನ್ನೆಲ್ಲ ನಾವು ಅಲ್ಲಿ ಹೇಳಿಕೊಂಡಿರುತ್ತೇವೆ. ಆಕಾರ ಡೆಮಿ 1/8, ಬಳಸಿದ ಕಾಗದ 70 ಜಿಎಸ್‌ಎಂ, ಪ್ರತಿಗಳು 1000. ಆ ಸಾವಿರ ಎಂಬ ಅಂಕಿ ನನಗೆ ಚಿಕ್ಕಂದಿನಿಂದ ಪರಿಚಿತ. ಕರ್ನಾಟಕದ ಜನಸಂಖ್ಯೆ ಏರಿತು, ಸಾಕ್ಷರರು ಹೆಚ್ಚಿದರು, ಈ ಸಾವಿರ ಮಾತ್ರ ಅಲ್ಲಾಡಲಿಲ್ಲ. ಈಚೆಗೆ ಐನೂರು, ಮುನ್ನೂರಕ್ಕೂ ಇಳಿದದ್ದುಂಟು. ಅದರಲ್ಲಿ ಗ್ರಂಥಾಲಯದ ಸಗಟು ಖರೀದಿಗೆ ಒಂದಷ್ಟು ಹೋದರೆ ಪ್ರಕಾಶಕ ಉಸಿರು ಬಿಡುತ್ತಾನೆ. ಮುಗಿದ ಮೇಲೆ ಮರುಮುದ್ರಣಕ್ಕೆ ಕೈ ಬರುವುದಿಲ್ಲ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲೋ ಧಾರವಾಡದ ಸುಭಾಷ್ ರಸ್ತೆಯಲ್ಲೋ ನಿಂತು ಕೇಳಿದಾಗ ನನಗೆ ಅತಿ ಹೆಚ್ಚು ಸಲ ಸಿಕ್ಕಿರುವ ಉತ್ತರ “ಅದು ಪ್ರತಿ ಮುಗಿದಿದೆ ಸಾರ್” ಎಂಬುದೇ. ಇ-ಪುಸ್ತಕಕ್ಕೆ ಪ್ರತಿ ಮುಗಿಯುವುದಿಲ್ಲ. ಕನ್ನಡದಂಥ ಭಾಷೆಗೆ ಇದರಷ್ಟು ದೊಡ್ಡ ಸಂಗತಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಹೊಸ ಕಾದಂಬರಿಯನ್ನು ಪರದೆಗೆ ತರುವುದಕ್ಕಿಂತ ಮೊದಲು, ಎಲ್ಲೂ ಸಿಗದ ಹಳೆಯದನ್ನು ತರಬೇಕಿತ್ತು.

ಒಂದಷ್ಟು ಜನ ತರುತ್ತಲೂ ಇದ್ದಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾವಿರಗಟ್ಟಲೆ ಇವೆ. ಅವುಗಳಲ್ಲಿ ಹಲವನ್ನು ಸ್ವಯಂಸೇವಕರು ಒಂದೊಂದೇ ಪುಟ ಮಗುಚಿ ಫೋಟೋ ಹಿಡಿದದ್ದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಮಾಡಿದ ಕಿಟ್ಟೆಲ್ ನಿಘಂಟು ಈಗ ಯಾರ ಮನೆಗೆ ಬೇಕಾದರೂ ಇಳಿಯುತ್ತದೆ. ನಮ್ಮ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರ ಸ್ವತ್ತು. ಪಂಜೆ ಮಂಗೇಶರಾಯರು 1937ರಲ್ಲಿ, ಕೈಲಾಸಂ 1946ರಲ್ಲಿ ಹೋದರು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಬರಹ 2024ರ ಜನವರಿಗೆ ಈ ಸಾಲಿಗೆ ಸೇರಿತು. ಇವನ್ನೆಲ್ಲ ಯಾರ ಅನುಮತಿಯೂ ಇಲ್ಲದೆ ಚೊಕ್ಕ ಇ-ಪುಸ್ತಕ ಮಾಡಬಹುದು. ವಿಕಿಸೋರ್ಸ್‌ನಲ್ಲಿ ಕೆಲವರು ಕೂತು ಕೈಯಾರೆ ಟೈಪು ಮಾಡಿ ಹಾಕುತ್ತಿದ್ದಾರೆ. ವಚನ ಸಂಚಯ ಎಂಬ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ‘ಜೇಡ’ ಎಂದು ಟೈಪಿಸಿದರೆ ಜೇಡ ಬಂದ ವಚನಗಳೆಲ್ಲ ಎದುರು ನಿಲ್ಲುತ್ತವೆ. ಸಮಗ್ರ ವಚನ ಸಂಪುಟಗಳ ಮುಂದೆ ಒಂದು ವಾರ ಕೂತರೂ ಕಾಗದದಿಂದ ಆಗದ ಕೆಲಸ ಅದು.

ಸ್ಕ್ಯಾನ್ ಪ್ರತಿಯ ಗೋಳು ಮಾತ್ರ ಬೇರೆಯೇ. ಅದು ಪುಟದ ಚಿತ್ರ, ಅಕ್ಷರವಲ್ಲ. ಆರಿಂಚಿನ ಪರದೆಗೆ ಹಾಕಿದರೆ ಡೆಮಿ ಪುಟ ಕುಗ್ಗಿ ಇರುವೆ ಸಾಲಾಗುತ್ತದೆ. ಹಿಗ್ಗಿಸಿದರೆ ಸಾಲಿನ ಬಲತುದಿ ಪರದೆಯಾಚೆ ಹೋಗುತ್ತದೆ, ಓದಲು ಪ್ರತಿ ಸಾಲಿಗೂ ಪುಟವನ್ನು ಮಗ್ಗದ ಲಾಳಿಯಂತೆ ಆಚೀಚೆ ಎಳೆಯಬೇಕು. ಕಿಟ್ಟೆಲ್ ನಿಘಂಟನ್ನು ನನ್ನ ಕಿಂಡಲಿಗೆ ಹಾಕಿದ ದಿನ ಒಂದು ಪದ ಹುಡುಕುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿತ್ತು.

ಬರವಣಿಗೆಯ ಸಾಮಗ್ರಿ ಬದಲಾಗುವುದು ನಮಗೆ ಹೊಸದಲ್ಲವಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದಾಗ ಸುತ್ತಮುತ್ತಲ ಮಠ, ಬಸದಿ, ಮನೆಗಳ ಅಟ್ಟಗಳ ಮೇಲೆ ಕಟ್ಟುಗಟ್ಟಲೆ ತಾಳೆಗರಿ ಇತ್ತು. ಅಲ್ಲಿಂದ ಐವತ್ತು ಕಿಲೋಮೀಟರಿನೊಳಗೇ ಇರುವ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಜೈನರ ಆಗಮಗ್ರಂಥ ಷಟ್ಖಂಡಾಗಮದ ಧವಲಾ ಟೀಕೆಯ ಓಲೆಗಳಿದ್ದವು. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಭಕ್ತರಿಗೆ ಅದರ ದರ್ಶನವಿತ್ತು, ಓದು ಇರಲಿಲ್ಲ. 19ನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಗಿ, ಆ ನಕಲು ಬಸದಿಯ ಹೊಸ್ತಿಲು ದಾಟಿ, ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಓಲೆಯನ್ನು ಕಾಪಾಡಿದ್ದು ಬಸದಿ, ಗ್ರಂಥವನ್ನು ಉಳಿಸಿದ್ದು ನಕಲು. ಪುಸ್ತಕ ನಾಶವಾಗುತ್ತಿದೆ ಎಂದು ಅಳುವವರ ಮುಂದೆ ನನಗೆ ಇದು ನೆನಪಾಗುತ್ತದೆ. ಮಲೆನಾಡಿನಲ್ಲಿ ಮೂರು ಮಳೆಗಾಲ ಕಳೆದ ಯಾವ ಕಪಾಟನ್ನಾದರೂ ತೆಗೆದು ನೋಡಿ: ಬೂಷ್ಟು ಹಿಡಿದ ಬೆನ್ನು, ಒರಲೆ ತಿಂದು ಹುತ್ತವಾದ ಕೆಳಸಾಲು, ನುಸಿಗುಳಿಗೆಯ ವಾಸನೆ. ಕಾಗದ ಶಾಶ್ವತ ಎಂದು ಬೆಂಗಳೂರಿನಲ್ಲಿ ಕೂತು ಹೇಳಬಹುದು.

ಪರದೆ ಶಾಶ್ವತವೇ ಎಂದರೆ ಅದು ಇನ್ನೊಂದು ಕತೆ. 2009ರ ಜುಲೈಯಲ್ಲಿ ಅಮೆರಿಕದ ಕಿಂಡಲ್ ಓದುಗರು ಬೆಳಗ್ಗೆ ಎದ್ದು ನೋಡಿದರೆ ಕೊಂಡಿದ್ದ ಪುಸ್ತಕ ಮಾಯ. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂದು ಕಂಪನಿ ದೂರದಿಂದಲೇ ಅಳಿಸಿ, ದುಡ್ಡು ವಾಪಸು ಹಾಕಿತ್ತು. ಅಳಿಸಿದ ಪುಸ್ತಕಗಳಲ್ಲಿ ಜಾರ್ಜ್ ಆರ್ವೆಲನ ‘1984’ ಒಂದು! ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಆಮೇಲೆ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು, ಕೊಂಡವರ ಪುಸ್ತಕಗಳೂ ಹೋದವು, ದುಡ್ಡು ಬಂತು. 2025ರ ಫೆಬ್ರವರಿ 26ರಿಂದ, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ರೀಡರಿಗೆ ಹಾಕಿಕೊಳ್ಳುವ ದಾರಿಯನ್ನೂ ಅಮೆಜಾನ್ ಮುಚ್ಚಿತು. ನಾವು ಒತ್ತುವ ಗುಂಡಿಯ ಮೇಲೆ ‘ಕೊಳ್ಳಿ’ ಎಂದಿದ್ದರೂ ನಡೆಯುತ್ತಿರುವುದು ಭೋಗ್ಯ.

ಎರವಲಿನ ಮಾತು ಎತ್ತಿದರೆ ಇನ್ನೂ ಬೇಜಾರು. ಪುಸ್ತಕ ಕೊಟ್ಟರೆ ಹಿಂದಿರುಗದು ಎಂದು ನಾವು ತಲೆತಲಾಂತರದಿಂದ ಗೊಣಗಿದ್ದೇವೆ, ಕೊಟ್ಟೂ ಇದ್ದೇವೆ. ನನ್ನ ಕಪಾಟಿನ ಒಳ್ಳೆಯ ಪುಸ್ತಕಗಳಲ್ಲಿ ಮೂರರಲ್ಲಿ ಒಂದು ಬೇರೆಯವರದ್ದು. ಒಂದರಲ್ಲಿ ಶಿವಮೊಗ್ಗದ ಯಾವುದೋ ವಾಚನಾಲಯದ ಮೊಹರು, ಒಂದರಲ್ಲಿ ‘ವಿವಾಹದ ಶುಭ ಸಂದರ್ಭದಲ್ಲಿ’ ಎಂಬ ಬರಹ, ಆ ದಂಪತಿ ಯಾರೆಂದು ನನಗೆ ಗೊತ್ತಿಲ್ಲ. ನನ್ನ ಕಿಂಡಲಿನಲ್ಲಿ ಇನ್ನೊಬ್ಬರ ಪುಸ್ತಕ ಒಂದೂ ಇಲ್ಲ. ನನ್ನದೂ ಯಾರ ಬಳಿಯೂ ಇಲ್ಲ. ಇಷ್ಟು ಪ್ರಾಮಾಣಿಕವಾದ ಕಪಾಟು ನನಗೆ ಒಗ್ಗುವುದಿಲ್ಲ.

ನೆನಪಿನಲ್ಲಿ ಯಾವುದು ಉಳಿಯುತ್ತದೆ ಎಂಬ ಬಗ್ಗೆ ವಿದ್ವಾಂಸರು ಬಹಳ ಕೆಲಸ ಮಾಡಿದ್ದಾರೆ, ನಾನು ಬೇಗ ಹೇಳಿ ಮುಗಿಸುತ್ತೇನೆ. 2018ರಲ್ಲಿ ಸ್ಪೇನಿನ ವೆಲೆನ್ಸಿಯದವರು ಮುಂದೆ ನಿಂತು 54 ಅಧ್ಯಯನಗಳನ್ನು, ಅಂದರೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಓದುಗರ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರು. ಮಾಹಿತಿಯ ಬರಹ ಕಾಗದದಲ್ಲೇ ಚೆನ್ನಾಗಿ ತಲೆಗೆ ಹೋಗುತ್ತದೆ, ಕತೆಗೆ ಅಂಥ ವ್ಯತ್ಯಾಸ ಕಾಣಲಿಲ್ಲ ಎಂದಾಯಿತು. ನಾರ್ವೆಯ ಆನ್ ಮಾಂಗೆನ್ ಮತ್ತು ಜತೆಗಾರರು 50 ಮಂದಿಗೆ 28 ಪುಟದ ಒಂದೇ ಕತೆ ಕೊಟ್ಟು, ಅರ್ಧ ಜನಕ್ಕೆ ಕಿಂಡಲ್, ಅರ್ಧಕ್ಕೆ ಪುಸ್ತಕ ಹಂಚಿದರು. ಹೆಚ್ಚಿನದರಲ್ಲಿ ಇಬ್ಬರೂ ಸಮ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಜೋಡಿಸಲು ಹೇಳಿದಾಗ ಕಿಂಡಲಿನವರು ತಡವರಿಸಿದರು. ಇದನ್ನು ನಂಬಲು ನನಗೆ ಅಧ್ಯಯನ ಬೇಕಿರಲಿಲ್ಲ. ‘ಗೃಹಭಂಗ’ದ ಪ್ಲೇಗಿನ ಭಾಗ ನನ್ನ ಪ್ರತಿಯಲ್ಲಿ ಎಷ್ಟು ದಪ್ಪಕ್ಕೆ ಬರುತ್ತದೆಂದು ನನ್ನ ಹೆಬ್ಬೆರಳಿಗೆ ಗೊತ್ತು. ಕಿಂಡಲಿನಲ್ಲಿ ಓದಿದ್ದು ಶೇಕಡಾ 62ರಲ್ಲಿತ್ತು ಎಂದು ಯಾರ ಹೆಬ್ಬೆರಳು ಹೇಳುತ್ತದೆ?

ಇಷ್ಟೆಲ್ಲ ವಾದ ಕಟ್ಟಿಕೊಂಡು ಹಾಯಾಗಿದ್ದ ನನ್ನನ್ನು ಅಲ್ಲಾಡಿಸಿದವರು ಸೋದರಮಾವ.

ಮಾವ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಈಗ ಎಂಬತ್ತರ ಹತ್ತಿರ. ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ. ಅದಾದ ಮೇಲೆ ಮ್ಯಾಕ್ಯುಲಾ ಸವೆಯುವ ಕಾಯಿಲೆ ಬಂತು. ಅಂಚು ಕಾಣುತ್ತದೆ, ನಡು ಮಸುಕು. ಎದುರಿಗೆ ನಿಂತವನ ಕಿವಿ ಕಾಣುತ್ತೆ ಮೂಗು ಕಾಣಲ್ಲ ಎಂದು ಅವರು ನಗುತ್ತಾರೆ. ಭೂತಗನ್ನಡಿ ಹಿಡಿದು ಪತ್ರಿಕೆಯ ತಲೆಬರಹ ಓದುತ್ತಿದ್ದರು, ಒಳಗಿನ ಸುದ್ದಿಯನ್ನು ಅತ್ತೆ ಓದಿ ಹೇಳಬೇಕು. ಅವರ ಪುಸ್ತಕಗಳೆಲ್ಲ ಪೆನ್ಸಿಲ್ ಗುರುತಿನಿಂದ ತುಂಬಿವೆ. ವಿಮರ್ಶೆಯ ಟಿಪ್ಪಣಿ ಎಂದುಕೊಳ್ಳಬೇಡಿ, ಅಚ್ಚಿನ ತಪ್ಪು ತಿದ್ದಿದ್ದು. ‘ವಿಶೇಷ’ದ ಷಕಾರಕ್ಕೆ ಬದಲು ಶಕಾರ ಬಿದ್ದಿದ್ದರೆ ಹೊಡೆದು ಪಕ್ಕದಲ್ಲಿ ದುಂಡಗೆ ಬರೆದಿರುತ್ತಾರೆ. ಹತ್ತಕ್ಕಿಂತ ಹೆಚ್ಚು ತಪ್ಪು ಸಿಕ್ಕಿದರೆ ಪ್ರಕಾಶಕರಿಗೆ ಕಾರ್ಡು ಬರೆಯುತ್ತಿದ್ದರು. ಕೆಲವರು ಉತ್ತರಿಸಿದ್ದೂ ಉಂಟು. ಆ ಕಾರ್ಡುಗಳನ್ನು ಮಾವ ಆಯಾ ಪುಸ್ತಕದೊಳಗೇ ಇಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ನನ್ನ ಅಣ್ಣನ ಮಗ ಆಂಡ್ರಾಯ್ಡ್ ಮೇಲೆ ನಡೆಯುವ ಇ-ಇಂಕ್ ರೀಡರ್ ತರಿಸಿಕೊಂಡಿದ್ದ. ಅದಕ್ಕೆ ಕನ್ನಡದ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಎರಡು ವಾರಕ್ಕೆ ಕೇಳಿ ಪಡೆದು ತೀರ್ಥಹಳ್ಳಿಗೆ ಒಯ್ದೆ. ಜಗಲಿಯಲ್ಲಿ ಹೊರಗೆ ಮಳೆ, ಒಳಗೆ ಒದ್ದೆ ಬಟ್ಟೆ. ಮಾವನ ಕೈಗೆ ಕೊಟ್ಟೆ. ಮೊದಲು ಮೂಸಿ ನೋಡಿದರು.

“ಅಕ್ಷರ ದಪ್ಪ ಮಾಡು.”

ಮಾಡಿದೆ.

“ಇನ್ನೂ.”

ಮಾಡಿದೆ. ಒಂದು ಸಾಲಿಗೆ ಮೂರು ಪದ ಬರುವಷ್ಟಾಯಿತು. ಒತ್ತಕ್ಷರಗಳು ಕೆಳಸಾಲಿಗೆ ತಾಗದ ಹಾಗೆ ಸಾಲಿನ ನಡುವೆ ಜಾಗ ಬಿಡಿಸಿದೆ.

“ಒಂದನೇ ಕ್ಲಾಸಿನ ಪಾಠದ ಪುಸ್ತಕ ಆಯ್ತಲ್ಲೋ,” ಎಂದರು. ಆಮೇಲೆ ಮಾತಿಲ್ಲ. ಪುಸ್ತಕವನ್ನು ತುಸು ಓರೆ ಹಿಡಿದು, ಕಣ್ಣಿನ ಅಂಚಿನಿಂದ ನೋಡುತ್ತ, ತುಟಿ ಅಲ್ಲಾಡಿಸಿ ಓದತೊಡಗಿದರು. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಮಾವ ತಾವೇ ಪುಸ್ತಕ ಓದಿ ಎರಡು ವರ್ಷವಾಗಿತ್ತು.

ಬೆರಳಿಂದ ತಟ್ಟಿದರೆ ಪುಟ ಹೋಗುತ್ತದೆ ಎಂದು ತೋರಿಸಿದೆ. ತಟ್ಟಿದರು. ಪರದೆ ಒಮ್ಮೆ ಕಪ್ಪಗೆ ಮಿಣುಕಿ ಹೊಸ ಪುಟ ಬಂತು. ಅವರ ಬೆರಳಿಗೆ ಹಿಂದಿನ ಅಭ್ಯಾಸ, ತಟ್ಟುವ ಮೊದಲು ನಾಲಗೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಅಣ್ಣನ ಮಗನಿಗೆ ಇದನ್ನು ಹೇಳಿಲ್ಲ.

ಅವರಿಗೆ ಹಾಕಿಕೊಟ್ಟ ಪುಸ್ತಕ ನಾನು ಮೊದಲೇ ಹೇಳಿದ ಆ ಕಾದಂಬರಿಯೇ. ಕನ್ನಡದಲ್ಲಿ ನನ್ನ ಖಾತೆಯಲ್ಲಿದ್ದದ್ದು ಅದೊಂದೇ ಆಗ. ಹತ್ತು ನಿಮಿಷವಾಗಿರಬೇಕು.

“ಏನೋ ಇದು? ಕನಾರ್ಟಕ?”

“ಅದು ಫಾಂಟ್ ಬದಲಾಯಿಸುವಾಗ ಆಗುವ ತೊಂದರೆ ಮಾವ. ಅರ್ಕಾವತ್ತು…”

“ಅರ್ಕಾವತ್ತು ನನಗೆ ಹೇಳಿಕೊಡ್ತೀಯಾ? ಪೆನ್ಸಿಲ್ ಕೊಡು.”

ಅತ್ತೆ ಗೂಡಿನಿಂದ ಪೆನ್ಸಿಲ್ ತಂದರು. ಮಾವ ಅದನ್ನು ಹಿಡಿದು ಪರದೆಯ ಮೇಲೆ ಬಾಗಿ, ಮುಟ್ಟಿಸುವ ಮೊದಲು ನನ್ನ ಕಡೆ ತಿರುಗಿದರು. “ಇದರಲ್ಲಿ ತಿದ್ದೋದು ಹೇಗೆ?”

ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಬಣ್ಣ ಹಚ್ಚಬಹುದು, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು ಎಂದು ಮಾಡಿ ತೋರಿಸಿದೆ. ನೋಡಿದರು.

“ಅದು ಟಿಪ್ಪಣಿ ಆಯ್ತು. ತಪ್ಪು ಹಾಗೇ ಉಳೀತಲ್ಲ.”

ನಾನು ಸುಮ್ಮನಿದ್ದೆ. ಅವರು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓದು ಮುಂದುವರಿಸಿದರು. ಮರುದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಎರಡನೇ ಅಧ್ಯಾಯದಲ್ಲಿದ್ದರು. ಪಕ್ಕದಲ್ಲಿ ಒಂದು ಹಾಳೆ, ಅದರ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ತಪ್ಪುಗಳ ಪಟ್ಟಿ, ಇಪ್ಪತ್ತಮೂರು. ಪುಟಸಂಖ್ಯೆಯ ಜಾಗ ಮಾತ್ರ ಖಾಲಿ. ಅಕ್ಷರ ದಪ್ಪ ಮಾಡಿದಷ್ಟೂ ಪುಟಗಳ ಲೆಕ್ಕ ಬೇರೆಯಾಗುತ್ತಿತ್ತು, ಅವರಿಗದು ನಂಬಿಕೆಗೆ ಅರ್ಹವಾಗಿ ಕಂಡಿರಲಿಲ್ಲ.

“ಪೋಸ್ಟಾಫೀಸಿಗೆ ಹೋದ್ರೆ ಎರಡು ಕಾರ್ಡು ತಾ,” ಎಂದರು. “ಇವರ ವಿಳಾಸ ಎಲ್ಲಿದೆ ನೋಡು ಇದರಲ್ಲಿ.”

ಪುಸ್ತಕ ತೆರೆದರೆ ಅದು ನೇರ ಮೊದಲ ಅಧ್ಯಾಯಕ್ಕೇ ಹೋಗುತ್ತದೆ. ಹಿಂದಕ್ಕೆ ತಟ್ಟುತ್ತ ಹೋದೆ. ಅರ್ಪಣೆ, ಮುನ್ನುಡಿ, ಹಕ್ಕುಗಳ ಪುಟ. ಡೆಮಿ 1/8 ಇರಲಿಲ್ಲ, ಕಾಗದದ ಮಾತಿರಲಿಲ್ಲ, ಪ್ರತಿಗಳ ಸಂಖ್ಯೆ ಇರಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಇ-ಮೇಲ್ ಇತ್ತು.